ಚೀನಿಗೆ ಕನ್ನಡದ ಒಳದಾರಿ

ನೀನು ವಾಟ್ಸಾಪ್‌ನಲ್ಲಿ ಕಳಿಸಿದ ನೋಟ್‌ಬುಕ್ಕಿನ ಪುಟ ನೋಡಿದೆ ಮಗಳೇ. ಅಕ್ಷರ ದುಂಡಗಿದೆ, ಸಂತೋಷ. ಆದರೆ ಎಡಗಡೆ ಚೀನಿ, ಬಲಗಡೆ ಪೂರ್ತಿ ಇಂಗ್ಲಿಷು. ಮನೆಯಲ್ಲಿ ಕನ್ನಡ ಬಿಟ್ಟು ಬೇರೆ ಮಾತಾಡದ ಹುಡುಗಿ ಚೀನಿ ಕಲಿಯುವಾಗ ಕನ್ನಡವನ್ನು ಯಾಕೆ ಹೊರಗೆ ನಿಲ್ಲಿಸಿದೆ?

‘ನಾನು ಮನೇಲಿ ಊಟ ಮಾಡ್ತೀನಿ’ ಅನ್ನೋದಕ್ಕೆ ‘ವೊ ಛಿ ಫಾನ್ ತ್ಸಾಯ್ ಚ್ಯಾ’ ಎಂದು ಬರೆದಿದ್ದೀಯ. ಟೀಚರ್ ಕೆಂಪು ಶಾಯಿಯಲ್ಲಿ ಗೀಟು ಹಾಕಿದ್ದಾರೆ. ಇಂಗ್ಲಿಷಿನಲ್ಲಿ ಮನೆ ಕೊನೆಗೆ ಬರುತ್ತದಲ್ಲ, ಅದೇ ಜಾಡಿನಲ್ಲಿ ಹೋಗಿದ್ದೀಯ. ಸರಿಯಾದದ್ದು ‘ವೊ ತ್ಸಾಯ್ ಚ್ಯಾ ಛಿ ಫಾನ್’. ನಾಳೆ ಸೇರಿಸಬೇಕೆ? ‘ವೊ ಮಿಂಗ್‌ಥ್ಯೆನ್ ತ್ಸಾಯ್ ಚ್ಯಾ ಛಿ ಫಾನ್’. ನಾನು, ನಾಳೆ, ಮನೇಲಿ, ಉಣ್ಣು, ಅನ್ನ. ಯಾರು, ಯಾವಾಗ, ಎಲ್ಲಿ ಅನ್ನುವವರೆಗೆ ನಮ್ಮ ಕ್ರಮವೇ. ಕಡೆಯ ಎರಡು ಪದ ಮಾತ್ರ ಅದಲುಬದಲು: ನಾವು ಅನ್ನ ಉಣ್ಣುತ್ತೇವೆ, ಅವರು ಉಣ್ಣುತ್ತಾರೆ ಅನ್ನ.

ಆ ಅದಲುಬದಲನ್ನು ಹಗುರವಾಗಿ ತಗೋಬೇಡ. ಕನ್ನಡದಲ್ಲಿ ‘ನಾಯಿ ಬೆಕ್ಕನ್ನು ನೋಡಿತು’ ಅಂದರೂ ‘ಬೆಕ್ಕನ್ನು ನಾಯಿ ನೋಡಿತು’ ಅಂದರೂ ಒಂದೇ, ‘ಅನ್ನು’ ಪ್ರತ್ಯಯ ಕಾಯುತ್ತದೆ. ಚೀನಿಯಲ್ಲಿ ವಿಭಕ್ತಿ ಅನ್ನುವುದೇ ಇಲ್ಲ. ಕ್ರಿಯಾಪದದ ಮುಂಚೆ ನಿಂತದ್ದು ನೋಡಿತು, ಆಮೇಲೆ ನಿಂತದ್ದನ್ನು ನೋಡಿತು. ಜಾಗ ತಪ್ಪಿದರೆ ಬೆಕ್ಕೇ ನಾಯಿಯನ್ನು ನೋಡಿಬಿಡುತ್ತದೆ. ವಿಭಕ್ತಿ ಇಲ್ಲ, ಬಂದನು ಬಂದಳು ಬಂದೆವು ಇಲ್ಲ. ಎಲ್ಲರಿಗೂ ಬರೀ ‘ಲಾಯ್’. ಅಲ್ಲಿ ಉಳಿಸಿಕೊಟ್ಟದ್ದನ್ನೆಲ್ಲ ಅವರು ಪದದ ಜಾಗದ ಲೆಕ್ಕದಲ್ಲಿ ವಸೂಲಿ ಮಾಡುತ್ತಾರೆ.

ಮಧ್ಯೆ ಒಂದು ಮಾತು. ನಿನ್ನ ಪುಸ್ತಕದಲ್ಲಿ ‘ಬು’ ಅಂತ ಓದುವಂತಿರುವುದನ್ನು ನಾನು ‘ಪು’ ಅಂತ ಬರೆಯುತ್ತೇನೆ, ಗಾಬರಿಯಾಗಬೇಡ. 1958ರಲ್ಲಿ ಜಾರಿಗೆ ಬಂದ ಪಿನ್‌ಯಿನ್ ಬರಹದಲ್ಲಿ ಇಂಗ್ಲಿಷಿನ ಬಿ, ಡಿ, ಜಿ ಅಕ್ಷರಗಳು ನಮ್ಮ ಪ, ತ, ಕ ಹತ್ತಿರದವು. ಪಿ, ಟಿ, ಕೆ ಅಂದರೆ ಅವುಗಳ ಮಹಾಪ್ರಾಣ. ನಮ್ಮ ಮಹಾಪ್ರಾಣ ನಾಲಿಗೆ ಮೇಲೆ ನಿಜವಾಗಿ ಕೆಲಸಕ್ಕೆ ಬರುವ ಅಪರೂಪದ ಜಾಗ ಇದು. ಸ್ವರದ ಏರಿಳಿತವನ್ನು ಮಾತ್ರ ಕಿವಿಯಿಂದಲೇ ಕಲಿಯಬೇಕು, ಕಾಗದದ ಮೇಲೆ ನಾನು ಕಲಿಸಲಾರೆ.

ಈಗ ‘ಪು’ ಮತ್ತು ‘ಮೇಯ್’ ವಿಷಯ. ಇದರಲ್ಲಿ ನಾನೇ ಬಿದ್ದವನು. ಗ್ರಾನೈಟ್ ವ್ಯಾಪಾರದ ದಿನಗಳಲ್ಲಿ ಫುಜಿಯಾನ್ ಪ್ರಾಂತ್ಯದ ಶಿಯಾಮೆನ್‌ಗೆ ಹೋಗಿದ್ದೆ. ಚಾಮರಾಜನಗರದ ಕರಿಕಲ್ಲಿನ ಬ್ಲಾಕುಗಳು ಬಂದರಿನಿಂದ ಕಾರ್ಖಾನೆಗೆ ಲಾರಿಯಲ್ಲಿ ಬರಬೇಕಿತ್ತು. ಸಂಜೆಯಾಗುತ್ತಿತ್ತು. ಮೇಸ್ತ್ರಿ ಬಂದು ‘ಛ ಲಾಯ್ ಲ ಮಾ?’ ಅಂದ. ಗಾಡಿ ಬಂತಾ? ನಾನು ಜಂಬದಿಂದ ‘ಪು ಲಾಯ್’ ಅಂದೆ. ಅವನು ತಲೆಯಾಡಿಸಿ ಕ್ರೇನಿನವನನ್ನು ಮನೆಗೆ ಕಳಿಸಿಬಿಟ್ಟ. ಅರ್ಧ ಗಂಟೆಗೆ ಲಾರಿ ಬಂತು, ಇಳಿಸುವವರಿಲ್ಲ. ನಾನು ಹೇಳಿದ್ದು ‘ಬರಲ್ಲ’. ಹೇಳಬೇಕಾಗಿದ್ದದ್ದು ‘ಮೇಯ್ ಲಾಯ್’, ಅಂದರೆ ‘ಬಂದಿಲ್ಲ’. ನನ್ನ ಹರಕು ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ‘ನಾಟ್’ ಇತ್ತು, ಅದನ್ನು ನಂಬಿ ಕೆಟ್ಟೆ. ಕನ್ನಡದಲ್ಲಿ ಯೋಚಿಸಿದ್ದರೆ ತಪ್ಪುತ್ತಲೇ ಇರಲಿಲ್ಲ. ‘ಪು ಶಿ’ ಅಂದರೆ ಅಲ್ಲ, ‘ಮೇಯ್ ಯೊ’ ಅಂದರೆ ಇಲ್ಲ. ಅಲ್ಲ, ಇಲ್ಲ ಬೇರೆ ಅನ್ನುವುದು ನಮಗೆ ತೊಟ್ಟಿಲಲ್ಲೇ ಗೊತ್ತು.

‘ಲ’ ಅನ್ನುವ ಕೊನೆಯ ಚೂರನ್ನು ನೀನು ಭೂತಕಾಲ ಎಂದು ಬರೆದುಕೊಂಡಿದ್ದೀಯ. ಅಳಿಸು. ಬಸ್‌ಸ್ಟಾಪಿನಲ್ಲಿ ನಿಂತಿದ್ದೀಯ, ತಿರುವಿನಲ್ಲಿ ಬಸ್ಸಿನ ಮೂತಿ ಕಾಣಿಸಿತು, ಇನ್ನೂ ನೂರು ಗಜ ದೂರ. ಏನಂತೀಯ? ‘ಬಸ್ ಬಂತು!’ ಬಸ್ಸು ಎಲ್ಲಿ ಬಂತು? ಅದೇ ‘ಛ ಲಾಯ್ ಲ’. ಮೊದಲ ಹನಿ ಬೀಳುತ್ತಲೇ ‘ಮಳೆ ಬಂತು’ ಅಂತೀವಿ, ಅದು ‘ಶ್ಯಾ ಯು ಲ’. ಅಮ್ಮ ಕರೆದಾಗ ಕುರ್ಚಿಯಿಂದ ಏಳದೆಯೇ ‘ಬಂದೆ ಬಂದೆ’ ಅಂತ ಕೂಗುತ್ತೀಯಲ್ಲ, ಚೀನಾದ ಮಕ್ಕಳೂ ‘ಲಾಯ್ ಲ, ಲಾಯ್ ಲ’ ಅಂತ ಕೂಗಿ ಕೂತೇ ಇರುತ್ತಾರೆ. ಸ್ಥಿತಿ ಬದಲಾಯಿತು ಅನ್ನುವ ಗುರುತು ಅದು, ಹೆಚ್ಚಾಗಿ. ‘ಛಿ ಲ ಮಾ?’ ಅಂದರೆ ‘ಊಟ ಆಯ್ತಾ?’. ಅಲ್ಲೂ ಹಳಬರು ದಾರಿಯಲ್ಲಿ ಸಿಕ್ಕರೆ ಕೇಳುವುದು ಇದನ್ನೇ, ಬಡಿಸುವುದಕ್ಕಲ್ಲ. ಕೊನೆಯ ‘ಮಾ’ ನಮ್ಮ ‘ಆಯ್ತಾ’ದ ದೀರ್ಘದ ಕೆಲಸ ಮಾಡುತ್ತದೆ.

‘ನಾನು ಕೊಂಡ ಪುಸ್ತಕ’ ಅನ್ನುವುದನ್ನು ಇಂಗ್ಲಿಷಿನಲ್ಲಿ ತಲೆಕೆಳಗು ಮಾಡಬೇಕು. ಚೀನಿಯಲ್ಲಿ ‘ವೊ ಮಾಯ್ ತ ಶು’: ನಾನು, ಕೊಂಡ, ಪುಸ್ತಕ. ಎಷ್ಟು ಉದ್ದದ ವಿವರಣೆಯಾದರೂ ನಾಮಪದದ ಮುಂಚೆಯೇ ಜೋಡಿಸುತ್ತ ಹೋಗು. ‘ಏನು ಕೊಂಡೆ’ ಎಂದು ಕೇಳುವಾಗಲೂ ‘ಏನು’ ತನ್ನ ಜಾಗದಲ್ಲೇ ಇರುತ್ತದೆ, ವಾಕ್ಯದ ತಲೆಗೆ ಓಡುವುದಿಲ್ಲ. ಅಣ್ಣ ತಮ್ಮ ಅಕ್ಕ ತಂಗಿಗೆ ಅವರಲ್ಲೂ ನಾಲ್ಕು ಪದ.

ಕನ್ನಡ ಕೈಕೊಡುವ ಜಾಗಗಳೂ ಇವೆ. ‘ಅವನು ಮೇಷ್ಟ್ರು’ ಅಂದರೆ ನಮಗೆ ಮುಗಿಯಿತು. ಅಲ್ಲಿ ನಡುವೆ ‘ಶಿ’ ಬೇಕು. ‘ಅವನು ಎತ್ತರ’ ಅನ್ನುವಾಗ ‘ಶಿ’ ಹಾಕಬಾರದು, ‘ಥಾ ಹನ್ ಕಾವ್’. ನಿಘಂಟು ‘ಹನ್’ ಅಂದರೆ ತುಂಬಾ ಅನ್ನುತ್ತದೆ, ಇಲ್ಲಿ ಅದಕ್ಕೆ ಅಷ್ಟು ತೂಕವಿಲ್ಲ. ಬಿಟ್ಟರೆ ಮಾತ್ರ ಇನ್ಯಾರಿಗೋ ಹೋಲಿಸುತ್ತಿದ್ದೀಯ ಎಂದು ಕೇಳಿಸುತ್ತದೆ.

ಪರಭಾಷೆಯ ಅಚ್ಚಿಗೆ ತಮ್ಮ ಭಾಷೆಯನ್ನು ತುರುಕುವ ಕೆಲಸ ಚೀನೀಯರೂ ಮಾಡಿದ್ದಾರೆ. 1898ರಲ್ಲಿ ಮಾ ಚ್ಯೆನ್‌ಚುಂಗ್ ಎಂಬ ವಿದ್ವಾಂಸ ಬರೆದ ವ್ಯಾಕರಣ ಲ್ಯಾಟಿನ್ ಮಾದರಿಯದು. ಫ್ರಾನ್ಸಿನಲ್ಲಿ ಓದಿ ಬಂದವನು. ನಮ್ಮ ಕೇಶಿರಾಜ ಹದಿಮೂರನೆಯ ಶತಮಾನದಲ್ಲೇ ಸಂಸ್ಕೃತದ ಅಚ್ಚು ಹಿಡಿದಿದ್ದ. ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕೆಂದು ಡಿ. ಎನ್. ಶಂಕರ ಭಟ್ಟರು ವಾದಿಸಿದ್ದು ಅದಕ್ಕೇ. ಅವರನ್ನು ಓದು, ನಿನ್ನ ಚೀನಿಯೂ ಸುಧಾರಿಸುತ್ತದೆ. ತಮಾಷೆಗೆ ಹೇಳುತ್ತಿಲ್ಲ.

ಉಳಿದದ್ದು ಎಣಿಕೆ. ‘ಮೂರು ಪುಸ್ತಕ’ ಅನ್ನುವ ಹಾಗಿಲ್ಲ, ನಡುವೆ ಒಂದು ಪದ ಬೇಕು: ‘ಸಾನ್ ಪನ್ ಶು’. ನಾವು ‘ಮೂರು ಜನ ಹುಡುಗರು’ ಅನ್ನುವಾಗ ‘ಜನ’ ಇದ್ದ ಹಾಗೆ. ಅವರು ಪ್ರತಿ ವಸ್ತುವಿಗೂ ಅದನ್ನು ಮಾಡುತ್ತಾರೆ. ನದಿ, ರಸ್ತೆ, ಮೀನು, ಪ್ಯಾಂಟು ಉದ್ದನೆಯವು, ‘ಥ್ಯಾವ್’. ಕಾಗದ, ಟಿಕೆಟ್ಟು, ಮೇಜು ಚಪ್ಪಟೆಯವು, ‘ಚಾಂಗ್’. ಕಲ್ಲಿನ ತುಂಡಿಗೆ ‘ಖ್ವಾಯ್’. ಆಡುಮಾತಿನಲ್ಲಿ ಅವರ ದುಡ್ಡಿಗೂ ಅದೇ ‘ಖ್ವಾಯ್’, ನಮ್ಮ ದಂಧೆಯವರಿಗೆ ಹೇಳಿ ಮಾಡಿಸಿದ ಪದ. ಕೈಯಲ್ಲಿ ಹಿಡಿಯುವ ಚಾಕು, ಕೊಡೆಗೆ ‘ಪಾ’; ಕುರ್ಚಿಗೂ ಅದೇ. ಗೊತ್ತಾಗದಿದ್ದರೆ ‘ಕ’ ಹಾಕಿ ಪಾರಾಗು, ನಕ್ಕರೂ ಅರ್ಥ ಮಾಡಿಕೊಳ್ಳುತ್ತಾರೆ.

ಭಾನುವಾರ ಫೋನ್ ಮಾಡುತ್ತೇನೆ. ನಿನ್ನ ಕೋಣೆಯಲ್ಲಿರುವ ಹತ್ತು ಸಾಮಾನು ಎಣಿಸಿ ಹೇಳಬೇಕು, ನಡುವಿನ ಪದದ ಸಮೇತ. ಕೊಡೆ ಲೆಕ್ಕಕ್ಕಿಲ್ಲ, ಅದನ್ನು ನಾನೇ ಹೇಳಿಬಿಟ್ಟೆ.