ಬಿದ್ದು ಹೋಗುವ ಹಲ್ಲಿಗೆ ಯಾಕಿಷ್ಟು ಕಾಳಜಿ?



ಬಾಯಿಯ ಪಿಎಚ್ 5.5ಕ್ಕಿಂತ ಕೆಳಗಿಳಿದರೆ ಹಲ್ಲು ಹಾಳಾಗತೊಡಗುತ್ತದೆ ಎಂದು ನಾವೆಲ್ಲ ಎಸ್ಸೆಸ್ಸೆಲ್ಸಿಯಲ್ಲಿ ಓದಿದ್ದೇವೆ. ನಾನೂ ಓದಿದೆ, ಪರೀಕ್ಷೆಯಲ್ಲಿ ಬರೆದೆ, ಅಂಕವೂ ಬಂತು. ಆದರೆ ಅದೇ ಪಾಠ ನಮ್ಮ ಮನೆಯಲ್ಲಿ ನನ್ನ ಕಣ್ಣೆದುರೇ ನಡೆಯುತ್ತಿದ್ದಾಗ ನನಗೆ ಗೊತ್ತಾಗಲಿಲ್ಲ. ಅದಕ್ಕೇ ಈ ಲೇಖನ ಬರೆಯುತ್ತಿದ್ದೇನೆ.

ನಮ್ಮ ಅಪಾ ಮತ್ತು ಅವರ ಮಗ ನಮ್ಮ ಜೊತೆಯಲ್ಲೇ ಇದ್ದಾರೆ. ಹೋದ ವರ್ಷ ಅವನಿಗೆ ನಾಲ್ಕೂವರೆ ವರ್ಷ. ಅವನು ನಗುವಾಗ ಕೆಳಗಿನ ದವಡೆ ಹಲ್ಲಿನ ಮೇಲೆ ಒಂದು ಕಂದು ಚುಕ್ಕೆ ಕಾಣುತ್ತಿತ್ತು. ನಾನು ನಾನಿಗೆ ತೋರಿಸಿದೆ. "ಹಾಲಹಲ್ಲು ಬೇಟಾ, ಹೆಂಗೂ ಬಿದ್ದು ಹೋಗ್ತಾವ" ಎಂದರು. ನನಗೂ ಸರಿ ಅನಿಸಿತು, ಸುಮ್ಮನಾದೆ. ನಾಲ್ಕು ತಿಂಗಳ ನಂತರ ಒಂದು ರಾತ್ರಿ ಅವನು ಕೆನ್ನೆ ಹಿಡಿದುಕೊಂಡು ಅಳಲು ಶುರು ಮಾಡಿದ. ಲವಂಗ ಇಟ್ಟರೂ ನಿಲ್ಲಲಿಲ್ಲ. ಬೆಳಗಾಗುವಷ್ಟರಲ್ಲಿ ಕೆನ್ನೆ ಊದಿತ್ತು, ಜ್ವರ ಬಂದಿತ್ತು.

ದಾವಣಗೆರೆಗೆ ಕರೆದುಕೊಂಡು ಹೋದೆವು. ಎಕ್ಸ್‌ರೇ ತೆಗೆದರು. ಒಂದು ಹಲ್ಲಿನ ಬೇರಿನವರೆಗೆ ಕೀವು ಆಗಿತ್ತು, ಅದನ್ನು ಕೀಳಲೇಬೇಕಾಯಿತು. ಪಕ್ಕದ ಇನ್ನೊಂದು ಹಲ್ಲಿನ ನರದ ಚಿಕಿತ್ಸೆ ಮಾಡಿ ಸ್ಟೀಲಿನ ಕ್ಯಾಪ್ ಹಾಕಿದರು. ಇದಕ್ಕೆಲ್ಲ ನಾಲ್ಕು ಸಲ ಓಡಾಟ. ಅಪಾ ಮನೆಯಲ್ಲಿ ಹೊಲಿಗೆ ಕೆಲಸ ಮಾಡುತ್ತಾರೆ, ಆ ನಾಲ್ಕು ದಿನದ ಕೆಲಸವೂ ಹೋಯಿತು. ಡಾಕ್ಟರ್ ಬೈಯಲಿಲ್ಲ. "ನೋವು ಬಂದ ಮ್ಯಾಲ ಎಲ್ಲಾರೂ ಬರ್ತಾರ್ರೀ. ನೋವು ಬರೋಕಿಂತ ಮೊದಲ ಬಂದಿದ್ರ ಹತ್ತು ನಿಮಿಷದ ಕೆಲಸ ಇತ್ತು" ಎಂದರು ಅಷ್ಟೇ.

ಹಾಲುಹಲ್ಲಿನ ಕೆಲಸ ಏನು?

ಮನುಷ್ಯನಿಗೆ ಎರಡು ಸಲ ಹಲ್ಲು ಬರುತ್ತವೆ. ಜೀವಶಾಸ್ತ್ರದಲ್ಲಿ ಇದಕ್ಕೆ ಡೈಫಿಯೋಡಾಂಟ್ ಎನ್ನುತ್ತಾರೆ. ಹಾಲುಹಲ್ಲು ಒಟ್ಟು 20: ಬಾಚಿಹಲ್ಲು 8, ಕೋರೆಹಲ್ಲು 4, ದವಡೆಹಲ್ಲು 8. ಸುಮಾರು ಆರನೇ ತಿಂಗಳಿಗೆ ಶುರುವಾಗಿ ಎರಡೂವರೆ, ಮೂರು ವರ್ಷಕ್ಕೆ ಎಲ್ಲವೂ ಬಂದಿರುತ್ತವೆ. ಮುಂದಿನ ಹಲ್ಲುಗಳು ಆರು, ಏಳನೇ ವರ್ಷಕ್ಕೆ ಬೀಳುತ್ತವೆ, ನಿಜ. ಆದರೆ ಹಿಂದಿನ ದವಡೆಹಲ್ಲುಗಳು ಬೀಳುವುದು ಸುಮಾರು ಒಂಬತ್ತರಿಂದ ಹನ್ನೆರಡನೇ ವರ್ಷದ ನಡುವೆ. ಅಂದರೆ ನಾವು "ಬಿದ್ದು ಹೋಗ್ತದ" ಎಂದು ಬಿಟ್ಟ ಹಲ್ಲಿನಿಂದ ಅವನು ಇನ್ನೂ ಐದಾರು ವರ್ಷ ಊಟ ಮಾಡಬೇಕಿತ್ತು.

ಹಾಲುಹಲ್ಲಿಗೆ ಇನ್ನೊಂದು ಕೆಲಸವಿದೆ. ಅದರ ಕೆಳಗೆ ದವಡೆಯೊಳಗೆ ಶಾಶ್ವತ ಹಲ್ಲು ಬೆಳೆಯುತ್ತಿರುತ್ತದೆ. ಅದು ಬರುವವರೆಗೆ ಹಾಲುಹಲ್ಲು ಜಾಗ ಹಿಡಿದಿಟ್ಟಿರುತ್ತದೆ. ಬಸ್ಸಿನ ಸೀಟಿಗೆ ಟವೆಲ್ ಹಾಕಿದ ಹಾಗೆ! ಅದು ಬೇಗ ಹೋದರೆ ಪಕ್ಕದ ಹಲ್ಲುಗಳು ಆ ಜಾಗಕ್ಕೆ ವಾಲುತ್ತವೆ, ಹೊಸ ಹಲ್ಲು ಸೊಟ್ಟಗೆ ಬರುತ್ತದೆ. ಅದಕ್ಕೇ ಅಪಾನ ಮಗನಿಗೆ ಈಗ ಜಾಗ ಕಾಯಲು ಒಂದು ಸಣ್ಣ ತಂತಿ ಹಾಕಿದ್ದಾರೆ.

ಹುಳುಕು ಹೇಗಾಗುತ್ತದೆ?

ನಮ್ಮ ಕಡೆ "ಹಲ್ಲಿಗೆ ಹುಳ ಹತ್ತೇತಿ" ಎನ್ನುತ್ತಾರೆ. ಹಲ್ಲಿನಲ್ಲಿ ಹುಳ ಇರುವುದಿಲ್ಲ. ಇರುವುದು ಸ್ಟ್ರೆಪ್ಟೋಕಾಕಸ್ ಮ್ಯೂಟನ್ಸ್‌ನಂಥ ಬ್ಯಾಕ್ಟೀರಿಯಾ. ನಾವು ತಿಂದ ಸಕ್ಕರೆಯನ್ನು ಅವು ಆಮ್ಲವಾಗಿ ಬದಲಾಯಿಸುತ್ತವೆ. ಹಲ್ಲಿನ ಹೊರಕವಚವಾದ ಎನಾಮಲ್ ನಮ್ಮ ದೇಹದಲ್ಲೇ ಅತ್ಯಂತ ಗಟ್ಟಿ ವಸ್ತು. ಆದರೂ ಪಿಎಚ್ 5.5ಕ್ಕಿಂತ ಕೆಳಗಿಳಿದರೆ ಅದರಲ್ಲಿನ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಕರಗತೊಡಗುತ್ತವೆ. ಹಾಲುಹಲ್ಲಿನ ಎನಾಮಲ್ ದೊಡ್ಡವರ ಹಲ್ಲಿಗಿಂತ ತೆಳು. ಆದ್ದರಿಂದ ಅಲ್ಲಿ ಹುಳುಕು ಬೇಗ ನರಕ್ಕೆ ತಲುಪುತ್ತದೆ.

ಇದನ್ನು ತಡೆಯಲು ದೇಹದಲ್ಲೇ ಒಂದು ವ್ಯವಸ್ಥೆಯಿದೆ, ಅದು ಲಾಲಾರಸ. ಅದು ಆಮ್ಲವನ್ನು ತಟಸ್ಥಗೊಳಿಸುತ್ತದೆ, ಕಳೆದುಹೋದ ಖನಿಜವನ್ನು ಸ್ವಲ್ಪ ಸ್ವಲ್ಪವಾಗಿ ತುಂಬಿಕೊಡುತ್ತದೆ. ಆದರೆ ಅದಕ್ಕೆ ಅರ್ಧ ಗಂಟೆಯೋ ಒಂದು ಗಂಟೆಯೋ ಬಿಡುವು ಬೇಕು. ನಿದ್ದೆಯಲ್ಲಿ ಲಾಲಾರಸ ಕಡಿಮೆಯಾಗುತ್ತದೆ. ಅದಕ್ಕೇ ಬಾಟಲಿಯಲ್ಲಿ ಸಕ್ಕರೆ ಹಾಕಿದ ಹಾಲು ಚೀಪುತ್ತಾ ಮಲಗುವ ಮಕ್ಕಳ ಮೇಲಿನ ಮುಂದಿನ ಹಲ್ಲುಗಳು ಮೊದಲು ಹಾಳಾಗುತ್ತವೆ.

ಎಷ್ಟು ತಿಂದ ಅನ್ನುವುದಕ್ಕಿಂತ ಎಷ್ಟು ಸಲ ತಿಂದ?

ಸ್ವೀಡನ್ ದೇಶದ ಲುಂಡ್ ಪಟ್ಟಣದಲ್ಲಿದ್ದ ವಿಪೆಹೋಲ್ಮ್ ಆಸ್ಪತ್ರೆಯಲ್ಲಿ 1945ರಿಂದ ಕೆಲವು ವರ್ಷ ಒಂದು ಪ್ರಯೋಗ ನಡೆಯಿತು. ಬುದ್ಧಿಮಾಂದ್ಯ ರೋಗಿಗಳಿಗೆ ಬೇರೆ ಬೇರೆ ರೀತಿಯಲ್ಲಿ ಸಿಹಿ ಕೊಟ್ಟು ಹಲ್ಲು ನೋಡಿದರು. ಆ ರೋಗಿಗಳ ಒಪ್ಪಿಗೆ ಕೇಳಿರಲಿಲ್ಲ, ಇಂದು ಅಂಥ ಪ್ರಯೋಗ ಮಾಡುವಂತಿಲ್ಲ, ಮಾಡಲೂಬಾರದು. ಆದರೆ ಅವರು ಅನುಭವಿಸಿದ್ದರಿಂದ ಜಗತ್ತಿಗೆ ಒಂದು ವಿಷಯ ಗೊತ್ತಾಯಿತು. ಊಟದ ಜೊತೆ ಸಕ್ಕರೆ ತಿಂದವರಲ್ಲಿ ಹುಳುಕು ಕಡಿಮೆ. ಊಟದ ನಡುನಡುವೆ ಅಂಟು ಮಿಠಾಯಿ ತಿಂದವರಲ್ಲಿ ತುಂಬಾ ಹೆಚ್ಚು. ಸ್ವೀಡನ್ನಿನಲ್ಲಿ ಮಕ್ಕಳಿಗೆ ಶನಿವಾರ ಮಾತ್ರ ಮಿಠಾಯಿ ಕೊಡುವ ರೂಢಿ ಬೆಳೆದದ್ದು ಇದಾದ ಮೇಲೆ.

ಈಗ ನಮ್ಮ ಮನೆಯ ಲೆಕ್ಕ ನೋಡಿ. ಬೆಳಿಗ್ಗೆ ಚಹಾದಲ್ಲಿ ಅದ್ದಿದ ಬಿಸ್ಕಿಟ್. ಹತ್ತು ಗಂಟೆಗೆ ಅಂಗಡಿಯಿಂದ ಚಾಕಲೇಟ್. ಮಧ್ಯಾಹ್ನ ಬಂದ ನೆಂಟರ ಕೈಯಿಂದ ಇನ್ನೊಂದು. ಸಂಜೆ ಮತ್ತೆ ಚಹಾ, ಮತ್ತೆ ಬಿಸ್ಕಿಟ್. ರಾತ್ರಿ ಸಿಹಿ ಹಾಲು. ಒಂದೊಂದೂ ಸ್ವಲ್ಪವೇ, ಆದರೆ ಲಾಲಾರಸಕ್ಕೆ ಬಿಡುವೇ ಇರಲಿಲ್ಲ. ಈಗ ನಾವು ಸಿಹಿ ಪೂರ್ತಿ ಬಿಡಿಸಿಲ್ಲ, ಸಮಯ ಬದಲಾಯಿಸಿದ್ದೇವೆ. ಮಿಠಾಯಿ ಏನಿದ್ದರೂ ಶುಕ್ರವಾರ ಮಧ್ಯಾಹ್ನದ ಊಟದ ಜೊತೆ. ನಡುವೆ ಹಸಿವಾದರೆ ಶೇಂಗಾ, ಮಂಡಕ್ಕಿ, ಸೌತೆಕಾಯಿ. ಇನ್ನೂ ಸಣ್ಣ ಮಕ್ಕಳಿಗೆ ಇಡೀ ಶೇಂಗಾ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು, ಕೊಡಬೇಡಿ. ಸಿಹಿ ಸಿರಪ್ ಔಷಧಿ ಕುಡಿಸಿದ ಮೇಲೆ ಒಂದೆರಡು ಗುಟುಕು ನೀರು ಕುಡಿಸಿ.

ಉಜ್ಜುವುದು ಹೇಗೆ?

1. ಮೊದಲ ಹಲ್ಲು ಕಂಡ ದಿನದಿಂದಲೇ ಉಜ್ಜಬೇಕು. ದಿನಕ್ಕೆ ಎರಡು ಸಲ, ಎರಡೆರಡು ನಿಮಿಷ. ರಾತ್ರಿಯದ್ದು ತಪ್ಪಲೇಬಾರದು. ಆಮೇಲೆ ನೀರು ಬಿಟ್ಟು ಬೇರೇನೂ ಕೊಡಬಾರದು.

2. ಸುಮಾರು 1000 ಪಿಪಿಎಂ ಫ್ಲೋರೈಡ್ ಇರುವ ಪೇಸ್ಟ್ ಬೇಕು. ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿ ಕಾಳಿನಷ್ಟು, ಮೂರರಿಂದ ಆರು ವರ್ಷದವರಿಗೆ ಬಟಾಣಿ ಕಾಳಿನಷ್ಟು. ಜಾಹೀರಾತಿನಲ್ಲಿ ತೋರಿಸುವ ಹಾಗೆ ಬ್ರಷ್ ತುಂಬ ಅಲ್ಲ.

3. ಏಳು, ಎಂಟು ವರ್ಷದವರೆಗೆ ದೊಡ್ಡವರೇ ಉಜ್ಜಬೇಕು. ಮಗುವಿನ ಹಿಂದೆ ಕುಳಿತು, ತಲೆಯನ್ನು ತೊಡೆಗೆ ಒರಗಿಸಿಕೊಂಡರೆ ಹಿಂದಿನ ಹಲ್ಲುಗಳೂ ಕಾಣುತ್ತವೆ.

4. ನೊರೆ ಉಗುಳಿಸಿ. ತುಂಬಾ ನೀರು ಹಾಕಿ ಬಾಯಿ ಮುಕ್ಕಳಿಸಿದರೆ ಫ್ಲೋರೈಡೂ ತೊಳೆದುಹೋಗುತ್ತದೆ.

5. ಇದ್ದಿಲು, ಒರಟು ಹಲ್ಲುಪುಡಿ ಬೇಡ. ಅವು ಎನಾಮಲ್ ಅನ್ನು ಸವೆಸುತ್ತವೆ.

ಫ್ಲೋರೈಡ್ ಒಳ್ಳೆಯದೋ ಕೆಟ್ಟದ್ದೋ ಎಂದು ನೀವು ಕೇಳಬಹುದು. ನಮ್ಮ ಪಕ್ಕದ ಗದಗ ಜಿಲ್ಲೆಯ ಮುಂಡರಗಿ, ತುಮಕೂರು ಜಿಲ್ಲೆಯ ಪಾವಗಡ ಕಡೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚಾಗಿ ಹಲ್ಲು ಕಲೆಗಟ್ಟಿದವರನ್ನು ನೋಡಬಹುದು. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು ಎಂಬುದು ಭಾರತೀಯ ಮಾನದಂಡ. ಹೊಟ್ಟೆಗೆ ಹೆಚ್ಚು ಹೋದರೆ ಹಾನಿ, ಹಲ್ಲಿನ ಮೇಲೆ ಸ್ವಲ್ಪ ಇದ್ದರೆ ರಕ್ಷಣೆ. ಅದಕ್ಕೇ ಅಕ್ಕಿ ಕಾಳಿನ ಅಳತೆ. ನಿಮ್ಮ ಊರಿನ ಬೋರ್ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದ್ದರೆ ಯಾವ ಪೇಸ್ಟ್ ಬಳಸಬೇಕೆಂದು ದಂತ ವೈದ್ಯರನ್ನು ಕೇಳಿ.

ತಪಾಸಣೆ ಯಾವಾಗ, ಎಲ್ಲಿ?

ಮೊದಲ ತಪಾಸಣೆ ಮೊದಲ ಹುಟ್ಟುಹಬ್ಬದೊಳಗೆ. ಆಮೇಲೆ ಸಾಮಾನ್ಯವಾಗಿ ಆರು ತಿಂಗಳಿಗೊಮ್ಮೆ. ನೋವಿಲ್ಲದಾಗ ಹೋದ ಮಗುವಿಗೆ ಆ ಕುರ್ಚಿಯ ಭಯವೂ ಇರುವುದಿಲ್ಲ. ಹುಳುಕು ಶುರುವಾಗುವಾಗ ವಸಡಿನ ಅಂಚಿನಲ್ಲಿ ಸುಣ್ಣದಂಥ ಬಿಳಿ ಗೆರೆ ಕಾಣುತ್ತದೆ, ನೋವು ಇರುವುದಿಲ್ಲ. ಆ ಹಂತದಲ್ಲಿ ಫ್ಲೋರೈಡ್ ವಾರ್ನಿಶ್ ಹಚ್ಚಿ, ಸರಿಯಾಗಿ ಉಜ್ಜಿದರೆ ಹಲ್ಲು ಮತ್ತೆ ಗಟ್ಟಿಯಾಗಬಲ್ಲದು. ಕಂದು ಗುಂಡಿ ಬಿದ್ದ ಮೇಲೆ ಅದು ತಾನಾಗಿ ತುಂಬುವುದಿಲ್ಲ.

2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ವೈದ್ಯರ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಬಂದು ಮಕ್ಕಳನ್ನು ನೋಡಬೇಕು. ಅವರು ನೋಡುವ ತೊಂದರೆಗಳಲ್ಲಿ ಹಲ್ಲಿನ ಹುಳುಕೂ ಇದೆ. ಆ ದಿನ ಮಗುವನ್ನು ತಪ್ಪದೆ ಕಳಿಸಿ, ಬರೆದುಕೊಟ್ಟ ಚೀಟಿಯನ್ನು ಕಪಾಟಿನಲ್ಲಿ ಇಡಬೇಡಿ. ದಾವಣಗೆರೆಯಲ್ಲಿ 1979ರಲ್ಲಿ ಶುರುವಾದ ಬಾಪೂಜಿ ದಂತ ವೈದ್ಯಕೀಯ ಕಾಲೇಜು ಇದೆ, ಧಾರವಾಡದಲ್ಲಿ ಎಸ್‌ಡಿಎಂ ದಂತ ಕಾಲೇಜು ಇದೆ. ದಂತ ಕಾಲೇಜುಗಳಲ್ಲಿ ಮಕ್ಕಳ ಹಲ್ಲಿಗೆಂದೇ ಬೇರೆ ವಿಭಾಗವಿರುತ್ತದೆ.

ಇದು ನಮ್ಮ ಒಂದು ಮನೆಯ ಕಥೆಯಲ್ಲ. 2002–03ರ ರಾಷ್ಟ್ರೀಯ ಬಾಯಿ ಆರೋಗ್ಯ ಸಮೀಕ್ಷೆಯಲ್ಲಿ ಐದು ವರ್ಷದ ಮಕ್ಕಳಲ್ಲಿ ಅರ್ಧದಷ್ಟು ಮಂದಿಗೆ ಹುಳುಕು ಕಂಡುಬಂದಿತ್ತು. ಅಂದರೆ ನಮ್ಮ ಓಣಿಯಲ್ಲಿ ಆಡುವ ಮಕ್ಕಳಲ್ಲೂ ಹಲವರಿಗೆ ಇರಬಹುದು.

ಅಪಾನ ಮಗನಿಗೆ ಈಗ ಐದು ವರ್ಷ ದಾಟಿದೆ. ಆರನೇ ವರ್ಷದ ಹೊತ್ತಿಗೆ ಎಲ್ಲ ಹಾಲುಹಲ್ಲುಗಳ ಹಿಂದೆ ಶಾಶ್ವತ ದವಡೆಹಲ್ಲು ಬರುತ್ತದೆ. ಯಾವ ಹಲ್ಲೂ ಬೀಳದೆ ಬರುವುದರಿಂದ ಅದನ್ನೂ ಹಾಲುಹಲ್ಲು ಎಂದುಕೊಳ್ಳುವವರು ಬಹಳ. ಅದು ಹೋದರೆ ಮತ್ತೆ ಬರುವುದಿಲ್ಲ. ಅದಕ್ಕೇ ನಾನು ಪ್ರತಿ ಭಾನುವಾರ ಮೊಬೈಲ್ ಟಾರ್ಚ್ ಹಾಕಿ ಅವನ ಬಾಯಿ ನೋಡುತ್ತೇನೆ. "ಖಾಲಾ, ಬಂತಾ?" ಎಂದು ಅವನೇ ಕೇಳುತ್ತಾನೆ.

ಸ್ನೇಹಿತರೇ, ನಿಮ್ಮ ಮನೆಯಲ್ಲೂ ಸಣ್ಣ ತಮ್ಮ ತಂಗಿಯರೋ, ಅಕ್ಕ ಅಣ್ಣಂದಿರ ಮಕ್ಕಳೋ ಇರಬಹುದು. ಇವತ್ತು ರಾತ್ರಿ ಅವರ ಮೇಲಿನ ತುಟಿ ಎತ್ತಿ ಒಮ್ಮೆ ನೋಡಿ. ಬಿಳಿ ಗೆರೆ ಕಂಡರೆ ಗಾಬರಿಯಾಗಬೇಡಿ, ಇನ್ನೂ ತಡವಾಗಿಲ್ಲ. ಕಂದು ಚುಕ್ಕೆ ಕಂಡರೆ ನನ್ನ ಹಾಗೆ ಸುಮ್ಮನಿರಬೇಡಿ.