ಸುರಕ್ಷಿತ ದಿನಗಳ ಲೆಕ್ಕ ಮತ್ತು ರಾಮನಗರ

ಬಿಡುಗಡೆಯಾದ ಅಂಡಾಣುವಿನ ಆಯುಸ್ಸು ಹೆಚ್ಚೆಂದರೆ 24 ಗಂಟೆ; ವೀರ್ಯಾಣು 5 ದಿನ ಉಳಿಯಬಲ್ಲದು. ಋತುಚಕ್ರದ ಈ ಫಲವತ್ತಾದ ದಿನಗಳಲ್ಲಿ ಸಂಭೋಗ ತಪ್ಪಿಸುವುದೇ ನೈಸರ್ಗಿಕ ಗರ್ಭನಿರೋಧ. 1920ರ ದಶಕದಲ್ಲಿ ಜಪಾನಿನ ಒಗಿನೊ, ಆಸ್ಟ್ರಿಯಾದ ಕ್ನಾಸ್ ಇದಕ್ಕೆ ಲೆಕ್ಕ ಹಾಕಿಕೊಟ್ಟರು.

ಅಭ್ಯರ್ಥಿಗಳು ಮರೆಯಬಾರದ ಅಂಶ: 1950ರ ದಶಕದ ಆರಂಭದಲ್ಲಿ, ಅಮೃತ್ ಕೌರ್ ಕೇಂದ್ರ ಆರೋಗ್ಯ ಸಚಿವೆಯಾಗಿದ್ದಾಗ, ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಈ ವಿಧಾನದ ಪ್ರಯೋಗ ನಡೆದದ್ದು ದೆಹಲಿಯ ಲೋದಿ ಕಾಲೊನಿ ಮತ್ತು ಮೈಸೂರು ರಾಜ್ಯದ ರಾಮನಗರದಲ್ಲಿ. ಅಮೆರಿಕದ ಡಾ. ಅಬ್ರಹಾಂ ಸ್ಟೋನ್ ದಿನ ಎಣಿಸಲು ಮಣಿಸರ ರೂಪಿಸಿದರು: ಹಸಿರು ಸುರಕ್ಷಿತ, ಕೆಂಪು ಅಸುರಕ್ಷಿತ. ಜಾಣ ಉಪಾಯವೇ, ಆದರೆ ಮುಟ್ಟು ಏರುಪೇರಾದರೆ ಮಣಿಯ ಎಣಿಕೆ ಕೈಕೊಡುತ್ತದೆ.

ಇಂಥದೇ ಮಣಿಸರವಾದ ಈಗಿನ 'ಮಾಲಾಚಕ್ರ'ದಲ್ಲಿ 32 ಮಣಿಗಳು. 26ರಿಂದ 32 ದಿನಗಳ ಚಕ್ರದವರಿಗೆ ಮಾತ್ರ ಇದು. ಎಚ್ಚರದ ಅವಧಿ 8ರಿಂದ 19ನೇ ದಿನ. ಲೈಂಗಿಕ ಸೋಂಕಿನಿಂದ ರಕ್ಷಣೆಯಿಲ್ಲ.