ಒಂಟೆಯ ಬೆನ್ನೇರಿದ ಗ್ರಂಥಗಳು

ಆಫ್ರಿಕವೆಂದೊಡನೆ ದಟ್ಟವಾದ ಕಾಡು, ವಿಸ್ತಾರವಾದ ಮರಳುಗಾಡು, ಕಾಡುಮೃಗಗಳು ನೆನಪಿಗೆ ಬರುವುದು ವಾಡಿಕೆ. ಆ ಖಂಡಕ್ಕೂ ಪುಸ್ತಕಕ್ಕೂ ಇರುವ ನಂಟು ಹಳೆಯದೆಂಬುದನ್ನು ತಿಳಿದವರು ಕಡಿಮೆ. ಪಶ್ಚಿಮ ಆಫ್ರಿಕದ ಮಾಲಿ ದೇಶದಲ್ಲಿ, ಸಹಾರಾ ಮರುಭೂಮಿಯ ಅಂಚಿನಲ್ಲಿ ಟಿಂಬಕ್ಟೂ ಎಂಬ ಪಟ್ಟಣವಿದೆ. ಹದಿನಾರನೆಯ ಶತಮಾನದ ಆದಿಯಲ್ಲಿ ಅಲ್ಲಿಗೆ ಭೇಟಿಯಿತ್ತ ಲಿಯೋ ಆಫ್ರಿಕಾನಸ್ ಎಂಬ ಪ್ರವಾಸಿಯು, ಆ ಪಟ್ಟಣದಲ್ಲಿ ಬೇರಾವ ಸರಕಿಗಿಂತಲೂ ಕೈಬರಹದ ಪುಸ್ತಕಗಳ ವ್ಯಾಪಾರದಲ್ಲಿ ಹೆಚ್ಚು ಲಾಭವಿತ್ತೆಂದು ಬರೆದಿಟ್ಟಿದ್ದಾನೆ. ಅಲ್ಲಿನ ಮನೆತನಗಳು ಇಂಥ ಹಸ್ತಪ್ರತಿಗಳನ್ನು ತಲೆಮಾರುಗಳಿಂದ ಪೆಟ್ಟಿಗೆಗಳಲ್ಲಿ ಕಾಪಾಡಿಕೊಂಡು ಬಂದಿದ್ದವು. 2012ರಲ್ಲಿ ಉಗ್ರಗಾಮಿಗಳು ಪಟ್ಟಣವನ್ನು ವಶಪಡಿಸಿಕೊಂಡರು. ಆಗ ಅಬ್ದೆಲ್ ಕಾದರ್ ಹೈದರಾ ಎಂಬ ಗ್ರಂಥಪಾಲಕರೂ ಅವರ ಸಂಗಡಿಗರೂ ಲಕ್ಷಾಂತರ ಹಸ್ತಪ್ರತಿಗಳನ್ನು ಕಬ್ಬಿಣದ ಟ್ರಂಕುಗಳಲ್ಲಿ ತುಂಬಿ, ರಸ್ತೆಯ ಮೂಲಕವೂ ನೈಜರ್ ನದಿಯ ದೋಣಿಗಳ ಮೂಲಕವೂ ರಾಜಧಾನಿ ಬಮಾಕೋಗೆ ಗುಟ್ಟಾಗಿ ಸಾಗಿಸಿದರು. ಪ್ರಾಣವನ್ನು ಒತ್ತೆಯಿಟ್ಟು ಪುಸ್ತಕವನ್ನು ಉಳಿಸಿಕೊಂಡ ಜನಕ್ಕೆ ಓದಿನ ಬೆಲೆಯನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ.

ಹೀಗಿದ್ದೂ ಆ ಖಂಡದ ಸಾಮಾನ್ಯ ಜನರ ಕೈಗೆ ಪುಸ್ತಕ ಸುಲಭವಾಗಿ ದೊರೆಯದೆ ಹೋದುದೇಕೆ? ಇದಕ್ಕೆ ಹಲವು ಕಾರಣಗಳುಂಟು. ಮೊದಲನೆಯದು ಪರರ ಆಳ್ವಿಕೆ. ಪೂರ್ವ ಆಫ್ರಿಕದ ಕೆನ್ಯಾ ದೇಶದ ರಾಜಧಾನಿ ನೈರೋಬಿಯಲ್ಲಿ 1931ರಲ್ಲಿ ಮ್ಯಾಕ್‌ಮಿಲನ್ ಸ್ಮಾರಕ ಗ್ರಂಥಾಲಯವು ತೆರೆಯಿತು. ಎತ್ತರವಾದ ಕಂಬಗಳ ಭವ್ಯವಾದ ಕಟ್ಟಡವದು. ಆದರೆ 1958ರವರೆಗೆ ಅದರೊಳಗೆ ಕಾಲಿಡುವ ಹಕ್ಕು ಯುರೋಪಿಯನ್ನರಿಗೆ ಮಾತ್ರವಿತ್ತು. ತನ್ನ ನೆಲದಲ್ಲಿಯೇ ಕಟ್ಟಿದ ಪುಸ್ತಕಭಂಡಾರದ ಮೆಟ್ಟಿಲನ್ನು ಹತ್ತುವ ಅಧಿಕಾರ ಆ ನೆಲದ ಮಗುವಿಗಿರಲಿಲ್ಲ. ಅದೇ ಗ್ರಂಥಾಲಯವನ್ನೂ ಅದರ ಶಾಖೆಗಳನ್ನೂ ಜೀರ್ಣೋದ್ಧಾರ ಮಾಡಿ ಎಲ್ಲರ ನೆಲೆಯಾಗಿಸಬೇಕೆಂದು ವಂಜಿರು ಕೊಯಿನಾಂಗೆ ಮತ್ತು ಏಂಜೆಲಾ ವಚುಕಾ ಎಂಬ ಇಬ್ಬರು ಮಹಿಳೆಯರು 2017ರಲ್ಲಿ ‘ಬುಕ್ ಬಂಕ್’ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು.

ಎರಡನೆಯ ಕಾರಣ ದೂರ. ಕೆನ್ಯಾದ ಈಶಾನ್ಯ ಭಾಗವು ಮಳೆ ಕಡಿಮೆ ಬೀಳುವ ಒಣಭೂಮಿ. ಅಲ್ಲಿ ಬಹುಪಾಲು ಜನ ಸೊಮಾಲಿ ಭಾಷೆಯನ್ನಾಡುವ ಪಶುಪಾಲಕರು. ನೀರು, ಮೇವುಗಳನ್ನು ಅರಸುತ್ತ ಊರಿಂದೂರಿಗೆ ಸಾಗುವವರಿಗೆ ಪಟ್ಟಣದ ಗ್ರಂಥಾಲಯದಿಂದ ಪ್ರಯೋಜನವೇನು? ಮೋಟಾರು ವಾಹನದಲ್ಲಿ ಪುಸ್ತಕ ಕಳುಹಿಸೋಣವೆಂದರೆ ಅದರ ಚಕ್ರಗಳು ಮರಳಿನಲ್ಲಿ ಹೂತುಹೋಗುತ್ತವೆ. ಆಗ ಕೆನ್ಯಾದ ರಾಷ್ಟ್ರೀಯ ಗ್ರಂಥಾಲಯ ಸಂಸ್ಥೆಗೆ ಹೊಳೆದುದು ಆ ನಾಡಿನ ಪುರಾತನ ವಾಹನವಾದ ಒಂಟೆ. 1996ರಲ್ಲಿ ಗಾರಿಸ್ಸಾ ಪಟ್ಟಣದಿಂದ ಮೂರು ಒಂಟೆಗಳೊಡನೆ ಸಂಚಾರಿ ಗ್ರಂಥಾಲಯವು ಹೊರಟಿತು. ಒಂದು ಒಂಟೆ ಎರಡು ಪೆಟ್ಟಿಗೆಗಳಲ್ಲಿ ಸುಮಾರು 400 ಪುಸ್ತಕಗಳನ್ನು ಹೊತ್ತರೆ, ಇನ್ನೊಂದು ಡೇರೆಯನ್ನು ಹೊರುತ್ತಿತ್ತು. ಶಾಲೆಯ ಬಳಿ ಡೇರೆ ಹಾಕಿ ಚಾಪೆ ಹಾಸಿದರೆ ವಾಚನಾಲಯ ಸಿದ್ಧವಾಗುತ್ತಿತ್ತು. ದೂರದಲ್ಲಿ ಒಂಟೆಗಳ ಸಾಲು ಕಂಡೊಡನೆ ಮಕ್ಕಳು ಓಡಿಬರುತ್ತಿದ್ದರು. ದಕ್ಷಿಣ ಆಫ್ರಿಕ ಖಂಡಭಾಗದ ಜಿಂಬಾಬ್ವೆ ದೇಶದ ನ್‌ಕಾಯಿ ಎಂಬ ಹಳ್ಳಿಗಾಡಿನಲ್ಲಿಯೂ ಇಂತಹುದೇ ಪ್ರಯತ್ನ ನಡೆಯಿತು. ಅಲ್ಲಿ ಪುಸ್ತಕಗಳು ಹಳ್ಳಿಯ ಶಾಲೆಗಳನ್ನು ತಲುಪಿದುದು ಕತ್ತೆಗಳು ಎಳೆಯುವ ಗಾಡಿಗಳಲ್ಲಿ.

ಆದರೆ ಪುಸ್ತಕ ಮನೆಯ ಬಾಗಿಲಿಗೆ ಬಂದ ಮಾತ್ರಕ್ಕೆ ಓದು ಬಂದಂತಾಗಲಿಲ್ಲ. ತೆರೆದ ಪುಟದಲ್ಲಿರುವುದು ಯಾವ ಭಾಷೆ? ಪೆಟ್ಟಿಗೆಯಲ್ಲಿ ಬರುವ ಪುಸ್ತಕಗಳು ಬಹುಮಟ್ಟಿಗೆ ಇಂಗ್ಲಿಷಿನವು ಅಥವಾ ಫ್ರೆಂಚಿನವು. ಅಜ್ಜಿಯ ಬಾಯಲ್ಲಿ ಕೇಳಿದ ಕಥೆಯ ಭಾಷೆಯೇ ಬೇರೆ, ಪುಸ್ತಕದ ಭಾಷೆಯೇ ಬೇರೆಯಾದರೆ ಓದು ಮಗುವಿಗೆ ಹೊರೆಯಾಗುತ್ತದೆ. ಈ ಸತ್ಯವನ್ನು ತಮ್ಮ ಬಾಳಿನಿಂದಲೇ ಸಾರಿದವರು ಕೆನ್ಯಾದ ಲೇಖಕ ಗೂಗಿ ವಾ ಥಿಯಾಂಗೊ. ಇಂಗ್ಲಿಷಿನಲ್ಲಿ ಕೀರ್ತಿ ಗಳಿಸಿದ್ದ ಅವರು, ರೈತರೂ ಕೂಲಿಕಾರರೂ ಅಭಿನಯಿಸುವಂತೆ ತಮ್ಮ ತಾಯ್ನುಡಿಯಾದ ಗಿಕುಯುವಿನಲ್ಲಿ ಮತ್ತೊಬ್ಬ ಲೇಖಕರೊಡಗೂಡಿ ನಾಟಕವೊಂದನ್ನು ರಚಿಸಿದರು. 1977ರಲ್ಲಿ ಸರ್ಕಾರವು ಆ ನಾಟಕವನ್ನು ನಿಲ್ಲಿಸಿತು. ಆ ವರ್ಷದ ಕೊನೆಯ ದಿನ ಗೂಗಿಯವರನ್ನು ಸೆರೆಗೆ ತಳ್ಳಿತು. ಸೆರೆಮನೆಯಲ್ಲಿ ಬರೆಯಲು ಹಾಳೆಯಿರಲಿಲ್ಲ. ಶೌಚದ ಕಾಗದದ ಮೇಲೆಯೇ ಅವರು ಗಿಕುಯು ಭಾಷೆಯಲ್ಲಿ ಕಾದಂಬರಿಯೊಂದನ್ನು ಬರೆದರು. ಅದು 1980ರಲ್ಲಿ ಅಚ್ಚಾಗಿ, ಮತ್ತೆ ಮತ್ತೆ ಮರುಮುದ್ರಣಗೊಂಡಿತು. ಓದು ಬಾರದವರಿಗೂ ಆ ಕಥೆ ತಲುಪಿದುದು ಸೋಜಿಗ. ಸಂಜೆಯ ಹೊತ್ತು ಮನೆಮಂದಿಯ ನಡುವೆ ಅಕ್ಷರ ಬಲ್ಲ ಮಗನೋ ಮಗಳೋ ಅದನ್ನು ಗಟ್ಟಿಯಾಗಿ ಓದುತ್ತಿದ್ದರು. ಪಾನಗೃಹಗಳಲ್ಲಿ ಓದುವವನು ಕಥೆಯ ಸ್ವಾರಸ್ಯದ ಘಟ್ಟಕ್ಕೆ ಬಂದು ನಿಲ್ಲಿಸಿ, ಕೇಳುಗರು ತನ್ನ ಬರಿದಾದ ಲೋಟವನ್ನು ತುಂಬಿಸುವವರೆಗೆ ಮುಂದುವರಿಯುತ್ತಿರಲಿಲ್ಲವಂತೆ! ಜನರಿಗೆ ಓದಿನಲ್ಲಿ ಆಸಕ್ತಿಯಿಲ್ಲವೆಂಬ ಮಾತು ಎಷ್ಟು ಪೊಳ್ಳೆಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ನಿದರ್ಶನ ಬೇಕಿಲ್ಲ. ಗೂಗಿಯವರು 2025ರಲ್ಲಿ ನಿಧನರಾದರು.

ಮೂರನೆಯ ಪಾಠವನ್ನು ಕಲಿಸಿದ ದೇಶ ತಾಂಜಾನಿಯಾ. ಅಧ್ಯಕ್ಷ ಜೂಲಿಯಸ್ ನೈರೆರೆ ಸ್ವತಃ ಉಪಾಧ್ಯಾಯರಾಗಿದ್ದವರು. ಅವರ ನಾಯಕತ್ವದಲ್ಲಿ ಸ್ವಾಹಿಲಿ ಭಾಷೆಯ ಮೂಲಕ ವಯಸ್ಕರ ಶಿಕ್ಷಣದ ಮಹಾ ಆಂದೋಲನ ನಡೆಯಿತು. 1967ರಲ್ಲಿ ಅಲ್ಲಿನ ವಯಸ್ಕರಲ್ಲಿ ಅಕ್ಷರಸ್ಥರು ನೂರಕ್ಕೆ ಸುಮಾರು 33 ಮಂದಿ. 1975ರ ವೇಳೆಗೆ ಆ ಸಂಖ್ಯೆ ಸುಮಾರು 61ಕ್ಕೇರಿತು. ಕಲಿತ ಅಕ್ಷರ ಮರೆತುಹೋಗದಿರಲೆಂದು ಗ್ರಾಮ ವಾಚನಾಲಯಗಳನ್ನು ತೆರೆದರು. ಸರಳ ಸ್ವಾಹಿಲಿಯಲ್ಲಿ ಹಳ್ಳಿಗರಿಗಾಗಿ ಪತ್ರಿಕೆಗಳನ್ನು ಹೊರಡಿಸಿದರು. ಆದರೆ ಮುಂದೆ ದೇಶವು ಆರ್ಥಿಕ ಸಂಕಷ್ಟಕ್ಕೆ ಸಿಲುಕಿದಾಗ ಕಾಗದವೇ ದುರ್ಲಭವಾಯಿತು. ವಾಚನಾಲಯಗಳಿಗೆ ಹೊಸ ಪುಸ್ತಕಗಳು ಬರುವುದು ಕಡಿಮೆಯಾಯಿತು. ಕಲಿತ ವಿದ್ಯೆ ನಿತ್ಯವೂ ನೀರುಣಿಸಬೇಕಾದ ಸಸಿ; ಓದಲು ಏನೂ ಇಲ್ಲದಲ್ಲಿ ಅದು ಬಾಡುತ್ತದೆ.

ಈ ಕೊರತೆಯನ್ನು ನೀಗಿಸಲು ಇತ್ತೀಚೆಗೆ ಹೊಸ ಹಾದಿಯೊಂದು ತೆರೆದಿದೆ. ದಕ್ಷಿಣ ಆಫ್ರಿಕದ ಶಿಕ್ಷಣ ಸಂಸ್ಥೆಯೊಂದು 2014ರಲ್ಲಿ ‘ಆಫ್ರಿಕನ್ ಸ್ಟೋರಿಬುಕ್’ ಎಂಬ ಯೋಜನೆಯನ್ನು ಲೋಕಕ್ಕೆ ತೆರೆಯಿತು. ಮಕ್ಕಳಿಗಾಗಿ ಬರೆದ ಸಚಿತ್ರ ಕಥೆಗಳು ಅಲ್ಲಿ ನೂರಕ್ಕೂ ಹೆಚ್ಚು ಆಫ್ರಿಕನ್ ಭಾಷೆಗಳಲ್ಲಿ ಲಭ್ಯವಿವೆ. ಯಾರು ಬೇಕಾದರೂ ಅವನ್ನು ಹಣ ತೆರದೆ ಪಡೆಯಬಹುದು, ಅಚ್ಚು ಹಾಕಿಕೊಳ್ಳಬಹುದು, ತಮ್ಮ ನುಡಿಗೆ ಅನುವಾದಿಸಬಹುದು. ಉಪಾಧ್ಯಾಯರು ತಾವು ಬಲ್ಲ ಕಥೆಯನ್ನು ಬರೆದು ಸೇರಿಸಲೂಬಹುದು. ಇದರಿಂದಾಗಿ ದೊಡ್ಡ ಪ್ರಕಾಶಕರು ಲಾಭವಿಲ್ಲವೆಂದು ಕೈಬಿಟ್ಟ ಸಣ್ಣ ಭಾಷೆಯ ಮಗುವಿಗೂ ತನ್ನದೆನ್ನುವ ಪುಸ್ತಕ ದೊರೆಯುವಂತಾಗಿದೆ.

ಒಂಟೆಯೂ ಕತ್ತೆಗಾಡಿಯೂ ದೂರವನ್ನು ಗೆಲ್ಲಬಲ್ಲವು. ಭಾಷೆಯ ದೂರವನ್ನು ಗೆಲ್ಲಬೇಕಾದವರು ಬರೆಯುವವರು. ಬಾಗಿಲು ತೆರೆದಿರಬೇಕು, ಪುಸ್ತಕ ಬಳಿಗೆ ಬರಬೇಕು, ಅದು ತನ್ನ ನುಡಿಯಲ್ಲಿರಬೇಕು, ಒಂದು ಮುಗಿದ ಮೇಲೆ ಇನ್ನೊಂದು ಸಿಗುತ್ತಿರಬೇಕು. ಈ ನಾಲ್ಕೂ ಕೂಡಿಬಂದಲ್ಲಿ ಓದು ತಾನಾಗಿ ಬೇರೂರುತ್ತದೆ. ಇವುಗಳಲ್ಲಿ ಒಂದು ತಪ್ಪಿದರೂ ಉಳಿದ ಮೂರರ ಶ್ರಮ ವ್ಯರ್ಥವಾಗುವುದೆಂಬುದೇ ಆಫ್ರಿಕದ ಅನುಭವವು ಲೋಕಕ್ಕೆ ತಿಳಿಸುವ ಮಾತು.